ಸತ್ತ ಕುರಿಗೆ ಪರಿಹಾರ ಸಿಕ್ಕಿತು, ಬದುಕಿದ ಕುರಿಗೆ?

ಕಾಲುಬಾಯಿ ರೋಗ ನಮಗೆ ಹೊಸದಲ್ಲ. ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಗಾಯ, ಹಾಲು ಇಳಿಮುಖ. ನಾವು ಲಸಿಕೆ ಹಾಕಿಸುತ್ತೇವೆ, ಆರೈಕೆ ಮಾಡುತ್ತೇವೆ, ದೊಡ್ಡ ದನಗಳು ಬಹುಪಾಲು ಉಳಿಯುತ್ತವೆ. 2001ರ ಫೆಬ್ರವರಿಯಲ್ಲಿ ಇದೇ ರೋಗ ಬ್ರಿಟನ್ನಿನಲ್ಲಿ ಕಾಣಿಸಿಕೊಂಡಾಗ ಅಲ್ಲಿನ ಸರ್ಕಾರ ಹಿಡಿದ ದಾರಿಯೇ ಬೇರೆ. ರೋಗ ಬಂದ ಕಡೆ ಇದ್ದಬದ್ದ ಜಾನುವಾರುಗಳನ್ನೆಲ್ಲ ಕೊಂದು, ಮಾಲೀಕರಿಗೆ ಬೆಲೆ ಕಟ್ಟಿಕೊಟ್ಟಿತು. (ಆ ವೈರಸ್ ತಳಿಯನ್ನು ಮೊದಲು ಗುರುತಿಸಿದ್ದು 1990ರಲ್ಲಿ, ನಮ್ಮ ದೇಶದಲ್ಲೇ.) ಲಸಿಕೆ ಹಾಕಿದರೆ ಮಾಂಸದ ರಫ್ತಿಗೆ ತೊಡಕಾಗುತ್ತದೆ ಎಂಬುದು ಅವರ ಚಿಂತೆ.

ಹೆಚ್ಚು ಏಟು ತಿಂದದ್ದು ಕಂಬ್ರಿಯಾ. ಸ್ಕಾಟ್ಲೆಂಡ್ ಗಡಿಗೆ ತಾಗಿದ, ಗುಡ್ಡ, ಸರೋವರ ಮತ್ತು ಕುರಿಗಳ ಜಿಲ್ಲೆ ಅದು. ದೇಶದಲ್ಲಿ ರೋಗ ದೃಢಪಟ್ಟ 2,026 ಕಡೆಗಳಲ್ಲಿ 893 ಅಲ್ಲೇ ಇದ್ದವು. ಕೊನೆಗೆ ಸೇನೆಯನ್ನೇ ಕರೆಸಿದರು. ರೋಗದ ಜಾಗದಿಂದ 3 ಕಿ.ಮೀ. ಒಳಗಿದ್ದ, ಲಕ್ಷಣವೇ ಇಲ್ಲದ ಕುರಿಗಳನ್ನೂ ಕೊಂದರು. ಗ್ರೇಟ್ ಆರ್ಟನ್ ಎಂಬ ಊರಿನ ಹಳೇ ವಿಮಾನ ನಿಲ್ದಾಣವೊಂದರಲ್ಲೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಹೂತರು.

ಪರಿಹಾರದ ಪದ್ಧತಿ ಹಳೆಯದು. 1866ರಲ್ಲಿ ದೊಡ್ಡರೋಗದ ಕಾಲಕ್ಕೇ ಅದಕ್ಕೆ ಕಾನೂನು ಬಂದಿತ್ತು. 2001ರಲ್ಲಿ ಮೌಲ್ಯಮಾಪಕರು ಬಂದು ಬೆಲೆ ಕಟ್ಟುವುದು ತಡವಾಗುತ್ತದೆಂದು ಸರ್ಕಾರ ಮಾರ್ಚ್‌ನಲ್ಲಿ ನಿಗದಿತ ದರಪಟ್ಟಿ ಹೊರಡಿಸಿತು. ದರ ಧಾರಾಳವಾಗಿತ್ತು. ಆಮೇಲೆ ಅದಕ್ಕಿಂತ ಕಡಿಮೆಗೆ ಯಾರು ಒಪ್ಪುತ್ತಾರೆ? ಬೆಲೆ ಏರುತ್ತಲೇ ಹೋಯಿತು. ಕೊಂದ ಜಾನುವಾರಿಗೆ ಕೊಟ್ಟ ಪರಿಹಾರ 100 ಕೋಟಿ ಪೌಂಡ್ ದಾಟಿತು.

ನಮ್ಮನ್ನು ಕಾಡುವುದು ಈ ಮೊತ್ತವಲ್ಲ, ಅದು ತಲುಪದೇ ಹೋದ ಮನೆಗಳು. ರೋಗ ಬಾರದ ಹಟ್ಟಿಯ ರೈತನೂ ಜಾನುವಾರು ಸಾಗಿಸುವಂತಿರಲಿಲ್ಲ. ಸಂತೆ ಬಂದ್, ಮಾರಾಟ ಇಲ್ಲ, ಮೇವಿನ ಖರ್ಚು ಮಾತ್ರ ನಿಲ್ಲಲಿಲ್ಲ. ಈ ನಷ್ಟಕ್ಕೆ ಪರಿಹಾರದ ಕಾನೂನಿನಲ್ಲಿ ಜಾಗವಿರಲಿಲ್ಲ. ಕೆಸರಿನಲ್ಲಿ, ಮೇವಿಲ್ಲದೆ ನಿಂತ ಜಾನುವಾರುಗಳಿಗೆಂದು ಬೇರೊಂದು ಯೋಜನೆ ಬಂತು ನಿಜ, ಆದರೆ ಅಲ್ಲೂ ದುಡ್ಡು ಕೈಗೆ ಬರಬೇಕಾದರೆ ಅವನ್ನು ಕೊಲ್ಲಲು ಒಪ್ಪಿಸಬೇಕಿತ್ತು! ಹಾಗೆ ಸತ್ತವು ಸುಮಾರು 20 ಲಕ್ಷ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ರಾಜ್ಯ ಸರ್ಕಾರ ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ಎಂದಿತ್ತು. ಅದೂ ಸತ್ತವುಗಳದ್ದೇ ಲೆಕ್ಕ. ಹಾಲು ಬತ್ತಿ ಬದುಕುಳಿದ ಹಸುವಿನ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಂಬ್ರಿಯಾದಲ್ಲಿ ಪರಿಹಾರ ಪಡೆದವರದ್ದೂ ಒಂದು ಸಂಕಟವಿತ್ತು. ಅಲ್ಲಿನ ಹರ್ಡ್‌ವಿಕ್ ಕುರಿಗಳು ಬೇಲಿಯಿಲ್ಲದ ಗುಡ್ಡದಲ್ಲಿ ಮೇಯುತ್ತವೆ. ತಮ್ಮ ಮೇವಿನ ಗಡಿ ಎಲ್ಲಿಯವರೆಗೆ ಎಂಬುದನ್ನು ಮರಿ ತಾಯಿಯ ಹಿಂದೆ ತಿರುಗಿ ಕಲಿಯುತ್ತದೆ. ಮಂದೆಯೇ ಹೋದರೆ ಕಲಿಸುವವರು ಯಾರು? ಚೆಕ್ಕು ಹಿಡಿದು ಸಂತೆಗೆ ಹೋದವರು ಕುರಿ ತಂದರು. ಅವು ಗುಡ್ಡ ಬಿಟ್ಟು ಹೋಗದಂತೆ ಕೆಲವೆಡೆ ತಾತ್ಕಾಲಿಕ ಬೇಲಿ ಹಾಕಬೇಕಾಯಿತು.