ತುರ್ಕಿಯ ಲಿಪಿ ಸುಧಾರಣೆ: ಗಳಿಕೆ ಮತ್ತು ನಷ್ಟ

ತುರ್ಕರ ಸಾಂಸ್ಕೃತಿಕ ಚರಿತ್ರೆಯಲ್ಲಿ ಲಿಪಿಯ ಬದಲಾವಣೆ ಹೊಸ ಸಂಗತಿಯೇನಲ್ಲ. ಮಂಗೋಲಿಯಾದ ಓರ್ಖಾನ್ ಕಣಿವೆಯಲ್ಲಿರುವ ಎಂಟನೆಯ ಶತಮಾನದ ಶಾಸನಗಳು ಪ್ರಾಚೀನ ತುರ್ಕಿಕ್ ಲಿಪಿಯಲ್ಲಿವೆ. ಇಸ್ಲಾಂ ಧರ್ಮದ ಸ್ವೀಕಾರದ ತರುವಾಯ ಅರಬ್ಬೀ ಲಿಪಿ ನೆಲೆಗೊಂಡಿತು. ಒಟ್ಟೋಮನ್ ಸಾಮ್ರಾಜ್ಯದಲ್ಲಿ ತುರ್ಕಿ ಭಾಷೆಯನ್ನಾಡುತ್ತಿದ್ದ ಗ್ರೀಕ್ ಸಂಪ್ರದಾಯದ ಕ್ರೈಸ್ತರು ಗ್ರೀಕ್ ಲಿಪಿಯಲ್ಲಿಯೂ, ಅರ್ಮೇನಿಯನ್ನರು ಅರ್ಮೇನಿಯನ್ ಲಿಪಿಯಲ್ಲಿಯೂ ಆ ಭಾಷೆಯನ್ನು ಬರೆದರು. ಅಲ್ಲಿ ಲಿಪಿಯು ಭಾಷೆಗಿಂತ ಹೆಚ್ಚಾಗಿ ಮತಸಮುದಾಯದ ಗುರುತಾಗಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು 1928ರ ನವೆಂಬರ್ 1ರಂದು ಅಂಗೀಕೃತವಾದ ಕಾನೂನು. ಅದು ಲ್ಯಾಟಿನ್ ಮೂಲದ ವರ್ಣಮಾಲೆಯನ್ನು ಕಡ್ಡಾಯಗೊಳಿಸಿತು. ತುರ್ಕಿಯ ಎಂಟು ಸ್ವರಗಳನ್ನು ಅರಬ್ಬೀ ಲಿಪಿ ಸ್ಪಷ್ಟವಾಗಿ ತೋರಿಸಲಾರದೆಂಬ ವಾದ ಹಿಂದಿನಿಂದಲೂ ಇತ್ತು. 1927ರ ಜನಗಣತಿಯ ವೇಳೆಗೆ ಶೇಕಡ 10ರ ಆಸುಪಾಸಿನಲ್ಲಿದ್ದ ಸಾಕ್ಷರತೆ 1935ರಲ್ಲಿ ಶೇಕಡ 20ರ ಸಮೀಪಕ್ಕೆ ಏರಿತು.

ಆದರೆ ಈ ಗಳಿಕೆಗೆ ತೆತ್ತ ಬೆಲೆಯೂ ಅಲ್ಪವಲ್ಲ. ತಾತನ ಪತ್ರ, ಊರಿನ ಗೋರಿಕಲ್ಲು, ಮಸೀದಿಯ ಶಾಸನಗಳು ಮೊಮ್ಮಕ್ಕಳಿಗೆ ಓದಲಾಗದ ಬರಹಗಳಾದವು. 1932ರಲ್ಲಿ ಸ್ಥಾಪಿತವಾದ ಭಾಷಾ ಸಂಸ್ಥೆಯು ಅರಬ್ಬೀ, ಪಾರಸಿ ಪದಗಳನ್ನು ಕೈಬಿಡಿಸಲು ಮುಂದಾದಾಗ ಈ ಅಂತರ ಹಿಗ್ಗಿತು. ಸುಧಾರಣೆಯ ನೇತಾರ ಮುಸ್ತಫಾ ಕೆಮಾಲರು 1927ರಲ್ಲಿ ಆರು ದಿನಗಳ ಕಾಲ ಮಾಡಿದ ಭಾಷಣವನ್ನೇ ಮುಂದಿನ ತಲೆಮಾರಿಗಾಗಿ ಸರಳ ತುರ್ಕಿಗೆ ಪರಿವರ್ತಿಸಬೇಕಾಯಿತು.

ಅಕ್ಷರವಂಚಿತ ರೈತನಿಗೆ ಹಳೆಯ ಗ್ರಂಥಭಂಡಾರ ಮೊದಲೂ ತೆರೆದಿರಲಿಲ್ಲವೆಂಬುದು ನಿಜ. ಆದಕಾರಣ ಸುಧಾರಣೆಯನ್ನು ಕೇವಲ ನಷ್ಟವೆನ್ನಲಾಗದು. ಹೊಸ ಲಿಪಿಯನ್ನು ಕಲಿಸುವಾಗ ಹಳೆಯದನ್ನು ಓದುವ ಶಕ್ತಿಯನ್ನೂ ಉಳಿಸಿಕೊಳ್ಳಬೇಕೆಂಬುದೇ ಈ ಚರಿತ್ರೆಯ ಪಾಠ.