ಟ್ರೇಲರ್ ಎಳೆಯುವ ಮುನ್ನ ಕೊಂಡಿ ಎತ್ತರ ನೋಡಿ

ಹಂಪಾಪುರ: ಹತ್ತಿ, ಮುಸುಕಿನ ಜೋಳ, ಶುಂಠಿ ಸಾಗಿಸುವ ಕಾಲಕ್ಕೆ ಎಚ್.ಡಿ. ಕೋಟೆ–ಮೈಸೂರು ರಸ್ತೆಯಲ್ಲಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಸಾಮಾನ್ಯ. ದಿಣ್ಣೆ ಹತ್ತುವಾಗ ಮುಂದಿನ ಚಕ್ರ ಎದ್ದರೆ ಲೋಡ್ ಜಾಸ್ತಿಯಾಯ್ತು ಅಂತಾರೆ. ಆದರೆ ತೂಕದಷ್ಟೇ ಮುಖ್ಯ, ಕೊಂಡಿ ಎಷ್ಟು ಎತ್ತರದಲ್ಲಿದೆ ಅನ್ನೋದು.

ಹಿಂದಿನ ಆಕ್ಸಲ್‌ಗಿಂತ ಮೇಲಿನಿಂದ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ನೋಡುತ್ತದೆ. ಟಾಪ್ ಲಿಂಕ್ ಜಾಗಕ್ಕೆ ಸರಪಳಿ ಕಟ್ಟಿ ಎಳೆಯೋದು ಜೀವಕ್ಕೇ ಅಪಾಯ. ಕಂಪನಿ ಕೊಟ್ಟ ಹುಕ್ಕನ್ನೇ ಬಳಸಬೇಕು. ಎರಡು ಚಕ್ರದ ಟ್ರೇಲರ್‌ನಲ್ಲಿ ಮೂಟೆ ತೀರಾ ಮುಂದಕ್ಕೆ ಒಟ್ಟಿದರೆ ಸ್ಟೀರಿಂಗ್ ಹಗುರವಾಗುತ್ತದೆ. ತೀರಾ ಹಿಂದಕ್ಕೆ ಒಟ್ಟಿದರೆ ಕೊಂಡಿ ಮೇಲೆದ್ದು ಟ್ರ್ಯಾಕ್ಟರ್‌ನ ದೊಡ್ಡ ಚಕ್ರದ ಹಿಡಿತವೇ ಹೋಗುತ್ತದೆ.

ಲೀಫ್ ಸ್ಪ್ರಿಂಗ್ ಹೆಚ್ಚು ಹಾಕಿಸಿ ಎತ್ತರಿಸಿದ ಪಿಕಪ್‌ಗೂ ಇದೇ ಲೆಕ್ಕ. ಕೊಂಡಿ ಮೇಲಾದಷ್ಟೂ ಟ್ರೇಲರ್ ಮೂತಿ ಎದ್ದು, ಭಾರ ಹಿಂದಕ್ಕೆ ಬಿದ್ದು, ಓಡುವಾಗ ಅತ್ತಿತ್ತ ಅಲ್ಲಾಡುತ್ತದೆ. ಸ್ಪ್ರಿಂಗ್ ಗಟ್ಟಿಯಾಯ್ತು ಅಂತ ಬ್ರೇಕ್ ಗಟ್ಟಿಯಾಗಲ್ಲ, ಆರ್‌ಸಿಯಲ್ಲಿರೋ ತೂಕವೂ ಏರಲ್ಲ.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿ. ಟ್ರೇಲರ್‌ಗೆ ಬ್ರೇಕ್ ಇಲ್ಲದಿದ್ದರೆ ಇಡೀ ಭಾರ ತಡೆಯಬೇಕಾದ್ದು ಟ್ರ್ಯಾಕ್ಟರ್ ಒಂದೇ. ಹೊಲದಿಂದ ರಸ್ತೆಗೆ ಬಂದ ಕೂಡಲೇ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಹಾಕಿ. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಗಕ್ಕನೆ ತಿರುಗಿ, ಹಿಂದಿನ ಭಾರ ಮೇಲೆ ನುಗ್ಗುತ್ತದೆ.

ಓವರ್‌ಲೋಡ್‌ಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಂನಲ್ಲಿ 20,000 ರೂ., ಜತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ. ದಂಡವಿದೆ. ಟ್ರೇಲರ್‌ನ ನೋಂದಣಿಯೂ ಪ್ರತ್ಯೇಕ.

ಅಂಗಡಿ ಮುಂದೆ ಸಿಮೆಂಟ್, ಗೊಬ್ಬರ ಇಳಿಸಿಕೊಳ್ಳುವವರು ಚಕ್ರಕ್ಕೆ ಕಲ್ಲು ಕೊಡಿಸಿ. ಗಾಡಿ ಹೊರಟ ಮೇಲೆ ಆ ಕಲ್ಲನ್ನು ರಸ್ತೆಯಲ್ಲೇ ಬಿಡಬೇಡಿ. ರಾತ್ರಿ ಬೈಕಿನವರಿಗೆ ಅದು ಕಾಣಲ್ಲ.