ಕಂದಕ ಹಾಗೂ ಬಾವಿ ತೋಡುವ ಕಾಮಗಾರಿಗಳಲ್ಲಿ ಕಾರ್ಮಿಕರ ಸುರಕ್ಷತೆ

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಹೋಬಳಿಯೂ ಸೇರಿದಂತೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ನೀರಿನ ಕೊಳವೆ, ಚರಂಡಿ, ತಳಪಾಯ ಮತ್ತು ಬಾವಿಗಳಿಗಾಗಿ ನೆಲ ಅಗೆಯುವ ಕೆಲಸವನ್ನು ಮಾಡಿಸುವ ಮಾಲೀಕರು, ಗುತ್ತಿಗೆದಾರರು ಹಾಗೂ ಮಾಡುವ ಕಾರ್ಮಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಈ ಭಾಗದ ಕೆಂಪು ಮಣ್ಣು ಬೇಸಿಗೆಯಲ್ಲಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಈ ಗಟ್ಟಿತನವನ್ನು ನಂಬುವಂತಿಲ್ಲ. ಒಂದು ಮಳೆ ಬಿದ್ದರೆ, ಅಥವಾ ಪಕ್ಕದಲ್ಲಿ ಲಾರಿ ಸಾಗಿದರೆ, ಅದೇ ಗೋಡೆ ಯಾವ ಸೂಚನೆಯೂ ಇಲ್ಲದೆ ಕುಸಿಯಬಹುದು. ಜಯಮಂಗಲಿ ನದಿಯ ಬದಿಯ ಮರಳುಮಿಶ್ರಿತ ನೆಲ ಮತ್ತು ಹಿಂದೊಮ್ಮೆ ಅಗೆದು ಮುಚ್ಚಿದ ಜಾಗ ಇನ್ನೂ ಅಪಾಯಕಾರಿ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಮಟ್ಟ ಹೂತವನ ತಲೆ ಹೊರಗಿದ್ದರೂ ಆತನಿಗೆ ಉಸಿರಾಟ ಕಷ್ಟವಾಗುತ್ತದೆ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಸಂಹಿತೆಯ ಪ್ರಕಾರ 1.5 ಮೀಟರ್ ಅಥವಾ ಅದಕ್ಕೂ ಹೆಚ್ಚು ಆಳದ ಕಂದಕದ ಬದಿಗಳನ್ನು ಮೆಟ್ಟಿಲಾಗಿ ಇಳಿಜಾರುಗೊಳಿಸತಕ್ಕದ್ದು, ಇಲ್ಲವೇ ಹಲಗೆ ಮತ್ತು ಅಡ್ಡಗಂಬಗಳ ಆಸರೆ ನೀಡತಕ್ಕದ್ದು. ಅಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರದಲ್ಲಿ ಹಾಕತಕ್ಕದ್ದು. 1.2 ಮೀಟರ್ ಮೀರಿದ ಕಂದಕಕ್ಕೆ ಪ್ರತಿ 30 ಮೀಟರ್ ಉದ್ದಕ್ಕೆ ಒಂದು ಏಣಿ ಇರತಕ್ಕದ್ದು. ಅದು ನೆಲಮಟ್ಟಕ್ಕಿಂತ 90 ಸೆಂಟಿಮೀಟರ್ ಮೇಲಕ್ಕೆ ಚಾಚಿರಬೇಕು. ಬುಡವನ್ನು ಕೊರೆದು ಮೇಲಿನ ಮಣ್ಣನ್ನು ಕೆಡವುವ ಪದ್ಧತಿಯನ್ನು ಯಾವ ಕಾರಣಕ್ಕೂ ಅನುಸರಿಸಕೂಡದು. ಕೆಲಸ ಬೇಗ ಮುಗಿಯುತ್ತದೆಂಬುದೇ ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಜಾಯಿಷಿ. ಪ್ರತಿದಿನ ಕೆಲಸಕ್ಕೆ ಮುನ್ನ ಮತ್ತು ಮಳೆಯ ನಂತರ ಅನುಭವಸ್ಥರು ಬದಿಗಳನ್ನು ಪರಿಶೀಲಿಸಬೇಕು. ಅಂಚಿನಲ್ಲಿ ಬಿರುಕು ಕಂಡಲ್ಲಿ ಯಾರನ್ನೂ ಕೆಳಗಿಳಿಸಬಾರದು. ನೆಲದಡಿಯ ವಿದ್ಯುತ್ ಕೇಬಲ್ ಬಗ್ಗೆ ಬೆಸ್ಕಾಂ ಸಹಾಯವಾಣಿ 1912ರಲ್ಲಿ ಮುಂಚಿತವಾಗಿ ವಿಚಾರಿಸಬಹುದು.

ಬಹುಕಾಲ ಬಳಸದ ಬಾವಿಯ ಹೂಳೆತ್ತುವಾಗ ಗೋಡೆಗಿಂತ ಗಾಳಿಯೇ ಮೊದಲ ಅಪಾಯ. ತಳದಲ್ಲಿ ಆಮ್ಲಜನಕ ಕಡಿಮೆಯಾಗಿ ವಿಷಾನಿಲ ಸೇರಿರಬಹುದು. ಉರಿಯುವ ದೀಪವನ್ನು ಇಳಿಸಿ ನೋಡುವ ಹಳೆಯ ಪರೀಕ್ಷೆ ಸಾಲದು; ಅದು ಎಲ್ಲ ಅನಿಲಗಳನ್ನೂ ತೋರಿಸದು, ದಹಿಸುವ ಅನಿಲವಿದ್ದರೆ ಬೆಂಕಿ ಹೊತ್ತಿಕೊಳ್ಳಲೂಬಹುದು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಕೂಡದು. ಒಬ್ಬರು ಪ್ರಜ್ಞೆ ತಪ್ಪಿದಾಗ ರಕ್ಷಿಸಲು ಇಳಿದವರೂ ಸಾಯುವುದು ಇಂತಹ ದುರಂತಗಳ ಸಾಮಾನ್ಯ ಸ್ವರೂಪವಾಗಿದೆ. ಆದ್ದರಿಂದ ಮೇಲಿನವರು ಇಳಿಯದೆ 112ಕ್ಕೆ ಕರೆ ಮಾಡಬೇಕು. ಕುಸಿತವಾದಾಗಲೂ ಇದೇ ಕ್ರಮ: ಹೂತವರನ್ನು ಹಗ್ಗ ಕಟ್ಟಿ ಎಳೆಯಬಾರದು, ಅವರಿರುವ ಸ್ಥಳ ತಿಳಿಯದೆ ಜೆಸಿಬಿ ಬಳಸಬಾರದು.

ಕಾರ್ಮಿಕರ ನೋಂದಣಿ

ಕಟ್ಟಡ ಕಟ್ಟುವವರು ಮಾತ್ರವೇ ಕಟ್ಟಡ ಕಾರ್ಮಿಕರೆಂಬ ಭಾವನೆ ಸರಿಯಲ್ಲ. ರಸ್ತೆ, ಕಾಲುವೆ, ಚರಂಡಿ, ಕೊಳವೆ ಮಾರ್ಗಗಳ ಕೆಲಸಗಾರರೂ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಹರು. ಅರ್ಜಿದಾರರ ವಯಸ್ಸು 18ರಿಂದ 60 ವರ್ಷಗಳ ಒಳಗಿದ್ದು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಇಂತಹ ಕೆಲಸ ಮಾಡಿರಬೇಕು. ವಯಸ್ಸಿನ ಹಾಗೂ ಗುರುತಿನ ದಾಖಲೆಗಳೊಂದಿಗೆ 90 ದಿನಗಳ ಕೆಲಸದ ದೃಢೀಕರಣ ಪತ್ರವನ್ನು ಸಲ್ಲಿಸತಕ್ಕದ್ದು. ಮೇಸ್ತ್ರಿಯ ಕೈಕೆಳಗೆ ಊರೂರು ಅಲೆಯುವವರಿಗೆ ಈ ಪತ್ರ ಪಡೆಯುವುದೇ ಕಷ್ಟವಾಗುವುದರಿಂದ, ಒಂದೊಂದು ಕಾಮಗಾರಿ ಮುಗಿದೊಡನೆ ದಿನಗಳ ಲೆಕ್ಕವನ್ನು ಬರೆಸಿಟ್ಟುಕೊಳ್ಳುವುದು ಸೂಕ್ತ.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಸ್ಥಾನದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಅಸುರಕ್ಷಿತ ಕಾಮಗಾರಿಗಳ ಬಗ್ಗೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214ಕ್ಕೆ ತಿಳಿಸಬಹುದು.